ಸಿರಸಂಗಿಯ ಎರೆ ಹೊಲ, ಮಕ್ಕಳ ಪಾಟಿಚೀಲ

ಸಿರಸಂಗಿ ಎಂಬ ಹೆಸರು ಋಷ್ಯಶೃಂಗನಿಂದ ಬಂತು ಎನ್ನುವುದು ಊರ ಮಂದಿಯ ನಂಬಿಕೆ. ಬರ ಬಿದ್ದ ಅಂಗದೇಶಕ್ಕೆ ಕಾಲಿಟ್ಟೊಡನೆ ಮಳೆ ತಂದ ಮುನಿ ಅವನು. ಸವದತ್ತಿ ಸೀಮೆಯ ಈ ಎರೆ ಭೂಮಿ ಪ್ರತಿ ವರ್ಷ ಮುಗಿಲು ನೋಡುತ್ತಲೇ ಬದುಕಿದ್ದು. ಇಷ್ಟೊಂದು ಋಷಿಗಳಿರುವಾಗ ಊರು ಮಳೆಯವನನ್ನೇ ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಹೊರಗಿನವರು ಇಲ್ಲಿಗೆ ಬರುವುದು ಕಾಳಿಕಾದೇವಿಗಾಗಿ, ಯುಗಾದಿಯ ಜಾತ್ರೆಗಾಗಿ. ಆದರೆ ಊರ ಚರಿತ್ರೆಯ ದೊಡ್ಡ ಪುಟ ತೆರೆಯುವುದು ದೇಸಾಯರ ವಾಡೆಯಲ್ಲಿ. 1861ರಲ್ಲಿ ಶಿಗ್ಲಿಯಲ್ಲಿ ರಾಮಪ್ಪನಾಗಿ ಹುಟ್ಟಿದ ಹುಡುಗ ಈ ಮನೆತನಕ್ಕೆ ದತ್ತು ಬಂದು ಲಿಂಗರಾಜನಾದ. ನವಲಗುಂದ-ಸಿರಸಂಗಿ ದೇಸಗತಿಯ ಹೊಲಮನೆಗಳೆಲ್ಲ ಅವನ ಕೈಗೆ ಬಂದವು. 1904ರಲ್ಲಿ ಧಾರವಾಡದಲ್ಲಿ ವೀರಶೈವ ಮಹಾಸಭೆಯ ಮೊದಲ ಅಧಿವೇಶನಕ್ಕೆ ಅಧ್ಯಕ್ಷನಾದ. 1906ರಲ್ಲಿ ಕಣ್ಣು ಮುಚ್ಚುವ ಹೊತ್ತಿಗೆ ಆಸ್ತಿಯನ್ನು ವೀರಶೈವ ಸಮಾಜದ ಮಕ್ಕಳ ಓದಿಗೆ ಬರೆದುಕೊಟ್ಟಿದ್ದ. ವಾರಸುದಾರಿಕೆಗೆ ಕೋರ್ಟು ಹತ್ತುವುದೇ ದೇಸಗತಿಗಳ ರೂಢಿಯಾಗಿದ್ದ ಕಾಲ ಅದು. ಜೋಳ, ಹತ್ತಿ ಬೆಳೆವ ನೆಲದ ಆದಾಯ ವಿದ್ಯಾರ್ಥಿವೇತನವಾಗಿ ಹಳ್ಳಿ ಹುಡುಗರ ಪಾಟಿಚೀಲ ಸೇರಿತು. ಜನ ಅವನನ್ನು ತ್ಯಾಗವೀರ ಎಂದರು. 1933ರಲ್ಲಿ ಕೆಎಲ್ಇ ಸಂಸ್ಥೆ ಬೆಳಗಾವಿಯಲ್ಲಿ ತೆರೆದ ಕಾಲೇಜು ಇಂದಿಗೂ ಅವನ ಹೆಸರಿನದೇ.

ಒಂದು ಮಾತು ಹೇಳಲೇಬೇಕು. ಆ ದಾನಕ್ಕೆ ಜಾತಿಯ ಬೇಲಿ ಇತ್ತು. ಹೊಲದಲ್ಲಿ ಬೆವರು ಸುರಿಸಿದ ಎಲ್ಲರ ಮಕ್ಕಳೂ ಆ ಬೇಲಿಯೊಳಗೆ ಇರಲಿಲ್ಲ. ಕಾಲದ ಲೆಕ್ಕದಲ್ಲಿ ಅದು ದೊಡ್ಡ ಮನಸ್ಸು, ಹೌದು. ಆದರೂ ವಾಡೆಯ ಮುಂದೆ ನಿಂತಾಗ ನನಗೆ ಎರಡೂ ನೆನಪಾಗುತ್ತವೆ.

ಆ ಕಾಲದ ಹೊಲಕ್ಕೆ ಸಾವಯವ ಎಂಬ ಹೆಸರು ಬೇಕಿರಲಿಲ್ಲ. ತಿಪ್ಪೆಗೊಬ್ಬರ ಬೀಳುತ್ತಿತ್ತು, ಸುಗ್ಗಿ ಮುಗಿದ ಮೇಲೆ ಕುರುಬರು ಹೊಲದಲ್ಲಿ ಕುರಿ ತರುಬುತ್ತಿದ್ದರು. ಎರೆ ಮಣ್ಣು ಹಿಡಿದಿಟ್ಟ ಹಸಿಯ ಮೇಲೆಯೇ ಹಿಂಗಾರಿ ಜೋಳ ತೆನೆ ಬಿಡುತ್ತಿತ್ತು. ಅಂಚಿನಲ್ಲಿ ಕುಸುಬೆಯ ಸಾಲು: ಎಣ್ಣೆಗೂ ಆಯಿತು, ಅದರ ಮುಳ್ಳಿಗೆ ಹೆದರಿ ದನ ಒಳಗೆ ಬಾರದಂತೆಯೂ ಆಯಿತು. ಕಾಳು ನೆಲದೊಳಗಿನ ಹಗೇವಿನಲ್ಲಿ ಕೂರುತ್ತಿತ್ತು.

ಆಮೇಲೆ ನವಿಲುತೀರ್ಥದ ಬಳಿ ಮಲಪ್ರಭೆಗೆ ಅಣೆಕಟ್ಟು ಬಂತು. ಕಾಲುವೆ ಬಂದಲ್ಲಿ ಗೊಬ್ಬರದ ಚೀಲ ಬಂತು, ಔಷಧದ ಡಬ್ಬಿ ಬಂತು, ಸಾಲ ಬಂತು, ಕೊನೆಗೆ ಅಭಿವೃದ್ಧಿ ಕರವೂ ಬಂತು. 1980ರ ಜುಲೈ 21ರಂದು ನವಲಗುಂದ, ನರಗುಂದದಲ್ಲಿ ಆ ಕರವನ್ನು ವಿರೋಧಿಸಿದ ರೈತರ ಮೇಲೆ ಗುಂಡು ಹಾರಿತು. ನವಲಗುಂದವೆಂದರೆ ಸಿರಸಂಗಿ ದೇಸಗತಿಯ ಇನ್ನೊಂದು ತುದಿ. ಅತ್ತ ಧಾರವಾಡದಲ್ಲಿ 1972ರಲ್ಲಿ ಡಾ. ಬಿ.ಎಚ್. ಕತರಕಿಯವರ ವರಲಕ್ಷ್ಮಿ ಹತ್ತಿ ತಳಿ ಹೊರಬಿದ್ದಿತ್ತು. ಹಳೆಯ ಜಯಧರ ಹತ್ತಿ ಹೇಗೋ ಬದುಕಿಕೊಳ್ಳುವ ಜಾತಿ. ಹೈಬ್ರಿಡ್ ಹತ್ತಿಗೆ ಸಿಂಪಡಣೆಯ ಮೇಲೆ ಸಿಂಪಡಣೆ ಬೇಕು. ಹೈಬ್ರಿಡ್ ಬೀಜೋತ್ಪಾದನೆಗಂತೂ ಒಂದೊಂದು ಮೊಗ್ಗಿನ ಕೇಸರ ಕಿತ್ತು, ಕೈಯಿಂದಲೇ ಪರಾಗ ಸವರಬೇಕು. ಸಣ್ಣ ಬೆರಳು ಬೇಕೆಂದು ಉತ್ತರ ಕರ್ನಾಟಕದ ಎಷ್ಟೋ ಕಡೆ ಶಾಲೆ ಬಿಡಿಸಿ ಹುಡುಗಿಯರನ್ನೇ ಹೊಲಕ್ಕೆ ಕರೆದರು. ಹೊಲ ಮಕ್ಕಳನ್ನು ಶಾಲೆಗೆ ಕಳಿಸಿದ ನಾಡಿನಲ್ಲಿ ಹೊಲವೇ ಶಾಲೆಯಿಂದ ಮಕ್ಕಳನ್ನು ಎಳೆದು ತಂದಿತ್ತು.

ರಾಜ್ಯ 2004ರಲ್ಲಿ ಸಾವಯವ ಕೃಷಿ ನೀತಿ ತಂದಿತು. ಬೈಲಹೊಂಗಲ ಸೀಮೆಯ ಮತ್ತಿಕೊಪ್ಪದಲ್ಲಿ ಕೆಎಲ್ಇಯದೇ ಕೃಷಿ ವಿಜ್ಞಾನ ಕೇಂದ್ರವಿದೆ; ಲಿಂಗರಾಜರ ಹೆಸರಿನ ಕಾಲೇಜು ತೆರೆದ ಸಂಸ್ಥೆ ಹೀಗೆ ಮಣ್ಣಿಗೂ ಇಳಿದಿದೆ. ಶಾಲೆಗಳಲ್ಲಿ ಅಕ್ಷರ ದಾಸೋಹದ ಸಾಂಬಾರಿಗೆ ಕೈತೋಟದ ನುಗ್ಗೆ, ಪಾಲಕ ಬೀಳುವುದೂ ಉಂಟು. ಆದರೆ ಬೇಸಿಗೆ ರಜೆಯಲ್ಲಿ ನೀರು ಹಾಕುವವರಿಲ್ಲದೆ ಆ ತೋಟ ಒಣಗುವುದೂ ಅಷ್ಟೇ ನಿಜ. ಕಿತ್ತೂರಿನ ಕಡೆ ಮಳೆಯ ಕೃಪೆ ಸ್ವಲ್ಪ ಹೆಚ್ಚು. ರಾಮದುರ್ಗದ ಕಡೆ ಹೋದರೆ ತೋಟ ಉಳಿಸುವುದು ಇನ್ನೂ ಕಷ್ಟ.

ನನ್ನ ಮಟ್ಟಿಗೆ ಸಾವಯವದ ಪರೀಕ್ಷೆ ಪ್ರಮಾಣಪತ್ರದಲ್ಲಿಲ್ಲ. ಎಳ್ಳಮಾವಾಸ್ಯೆಯ ದಿನ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಬುತ್ತಿ ಕಟ್ಟಿಕೊಂಡು ಇಲ್ಲಿಯವರು ಚರಗ ಚೆಲ್ಲಲು ಹೊಲಕ್ಕೆ ಹೋಗುತ್ತಾರೆ. ಹಿರಿಯರು ಬನ್ನಿ ಗಿಡದ ಕೆಳಗೆ ಪೂಜೆಯಲ್ಲಿದ್ದಾಗ ಮಕ್ಕಳು ಕಡಲೆ ಹೊಲಕ್ಕೆ ನುಗ್ಗಿ ಗಿಡವನ್ನೇ ಕಿತ್ತು ಹಸಿ ಸುಲಗಾಯಿ ಬಾಯಿಗೆ ಹಾಕಿಕೊಳ್ಳುತ್ತವೆ. ಕೆಲವು ಹೊಲಗಳಲ್ಲಿ ತಾಯಂದಿರು ಕೀಟನಾಶಕಕ್ಕೆ ಹೆದರಿ ಈಗ ದೂರದಿಂದಲೇ ಕೂಗುತ್ತಾರೆ: "ತಿನಬ್ಯಾಡ್ರಿ, ಎಣ್ಣಿ ಹೊಡದಾರ!" ಕೆಲವು ಹೊಲಗಳಲ್ಲಿ ಯಾರೂ ಕೂಗುವುದಿಲ್ಲ.