ಬರೋಕ್ ಚರ್ಚ್ ವೃಂದಗಾನ ಮತ್ತು ಸಂಶ್ಲೇಷಿತ ಕಂಠ: ಒಂದು ಚಾರಿತ್ರಿಕ ಅವಲೋಕನ

ಪಾಶ್ಚಾತ್ಯ ಸಂಗೀತದ ಇತಿಹಾಸದಲ್ಲಿ ಸುಮಾರು ಕ್ರಿ.ಶ. 1600ರಿಂದ 1750ರವರೆಗಿನ ಅವಧಿಯನ್ನು ಬರೋಕ್ ಯುಗವೆಂದು ಕರೆಯುವುದು ರೂಢಿ. ಮೊಂಟೆವೆರ್ಡಿಯ 1610ರ ಸಂಧ್ಯಾಪ್ರಾರ್ಥನೆಯ ಸಂಗೀತದಿಂದ ಹಿಡಿದು ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಕ್ಯಾಂಟಾಟಾ ಮತ್ತು ಪ್ಯಾಶನ್‌ಗಳವರೆಗೆ ಈ ಯುಗದ ಹಿರಿಯ ಕೃತಿಗಳಲ್ಲಿ ಅನೇಕವು ಚರ್ಚಿನ ಆರಾಧನೆಗಾಗಿಯೇ ರಚಿತವಾದವು. ಇವುಗಳ ಜೀವಾಳ ವೃಂದಗಾನ. ಒಂದೇ ಧಾಟಿಯನ್ನು ಎಲ್ಲರೂ ಕೂಡಿ ಹಾಡುವ ನಮ್ಮ ಭಜನೆಯ ಕ್ರಮ ಇಲ್ಲಿಲ್ಲ. ಸೊಪ್ರಾನೊ, ಆಲ್ಟೊ, ಟೆನರ್, ಬಾಸ್ ಎಂಬ ನಾಲ್ಕು ಸ್ವರಪಂಕ್ತಿಗಳು ಸಾಮಾನ್ಯವಾಗಿ ಬೇರೆಬೇರೆ ದಾರಿಗಳಲ್ಲಿ ಸಾಗುತ್ತ ಒಂದೇ ಪ್ರಾರ್ಥನೆಯ ಪದಗಳನ್ನು ಹೊತ್ತು ನಡೆಯುತ್ತವೆ.

ಇಂತಹ ಕೃತಿಗಳನ್ನು ಗಣಕಯಂತ್ರವು ಸಂಶ್ಲೇಷಿಸಿದ ಕಂಠಗಳಿಂದ ಹಾಡಿಸುವ ಪ್ರಯತ್ನಗಳು ಕಳೆದ ಕೆಲವು ದಶಕಗಳಲ್ಲಿ ನಡೆದಿವೆ. ಇವನ್ನು ತಂತ್ರಜ್ಞಾನದ ವಿನೋದವೆಂದೋ, ಪವಿತ್ರ ಸಂಗೀತಕ್ಕೆ ಬಗೆದ ಅಪಚಾರವೆಂದೋ ಬದಿಗಿರಿಸುವುದು ಸುಲಭ. ಹಾಗೆ ಬದಿಗಿರಿಸಿದಾಗ ಇತಿಹಾಸದ ಎರಡು ಸಂಗತಿಗಳು ಮರೆಯಾಗುತ್ತವೆ. ಬರೋಕ್ ಚರ್ಚಿಗೆ ಬೇಕಾದ ಕಂಠಗಳು ಸಹಜವಾಗಿ ಒದಗಿ ಬರುತ್ತಿರಲಿಲ್ಲ ಎಂಬುದು ಮೊದಲನೆಯದು; ಕೃತಕ ಕಂಠದ ಕಲ್ಪನೆ ಚರ್ಚಿನ ಆರ್ಗನ್ ವಾದ್ಯದೊಡನೆಯೇ ಬೆಳೆಯಿತು ಎಂಬುದು ಎರಡನೆಯದು. ಈ ಎರಡನ್ನೂ ಜೊತೆಯಾಗಿ ಪರಿಶೀಲಿಸಿ, ಸಂಶ್ಲೇಷಿತ ವೃಂದಗಾನವು ಸಂಗೀತ ಚರಿತ್ರೆಗೆ ಏನನ್ನು ನೀಡಬಲ್ಲದು, ಏನನ್ನು ನೀಡಲಾರದು ಎಂಬುದನ್ನು ನಿರ್ಧರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಚರ್ಚಿನ ಕಂಠಗಳು

ಬಾಖ್ 1723ರಿಂದ 1750ರಲ್ಲಿ ಮರಣ ಹೊಂದುವವರೆಗೆ ಲೈಪ್‌ಜಿಗ್ ನಗರದ ಸಂತ ಥಾಮಸ್ ಶಾಲೆಯ ಕ್ಯಾಂಟರ್ ಆಗಿದ್ದನು. 1730ರ ಆಗಸ್ಟ್ 23ರಂದು ಅವನು ನಗರ ಮಂಡಳಿಗೆ ಸಲ್ಲಿಸಿದ ಮನವಿಪತ್ರ ಈ ವಿಷಯದಲ್ಲಿ ಅತ್ಯಂತ ಮಹತ್ವದ ದಾಖಲೆ. ಪ್ರತಿಯೊಂದು ವೃಂದಕ್ಕೆ ಕನಿಷ್ಠ 12 ಗಾಯಕರು, ಅಂದರೆ ಪ್ರತಿ ಸ್ವರಪಂಕ್ತಿಗೆ ಮೂವರು, ಇರಬೇಕೆಂದು ಅದರಲ್ಲಿ ಹೇಳಲಾಗಿದೆ; 16 ಮಂದಿ ಇದ್ದರೆ ಇನ್ನೂ ಉತ್ತಮ. ಯಾರಾದರೊಬ್ಬರು ಅಸ್ವಸ್ಥರಾದರೂ ಗಾಯನ ನಿಲ್ಲಬಾರದೆಂಬುದೇ ಅವನು ಕೊಟ್ಟ ಕಾರಣ. ಅದೇ ಪತ್ರದ ಕೊನೆಯಲ್ಲಿ ಅವನು ತನ್ನ ವಿದ್ಯಾರ್ಥಿಗಳ ಲೆಕ್ಕವನ್ನೂ ಕೊಟ್ಟಿದ್ದಾನೆ: ಉಪಯೋಗಕ್ಕೆ ಬರುವವರು 17, ಇನ್ನೂ ಸಿದ್ಧರಾಗದವರು 20, ಸಂಗೀತಕ್ಕೆ ಅನರ್ಹರಾದವರು 17. ನಗರದ ನಾಲ್ಕು ಚರ್ಚುಗಳ ಆರಾಧನೆಗೆ ಈ ಶಾಲೆಯೇ ಗಾಯಕರನ್ನು ಒದಗಿಸಬೇಕಾಗಿತ್ತು. ಇಂದು ಮಹಾನ್ ಕೃತಿಗಳೆಂದು ಗೌರವಿಸಲ್ಪಡುವ ಕ್ಯಾಂಟಾಟಾಗಳ ಹಿಂದೆ ಇಂತಹ ಕೊರತೆಯ ಲೆಕ್ಕಾಚಾರವಿತ್ತು.

ಲೈಪ್‌ಜಿಗ್‌ನ ಚರ್ಚ್ ವೃಂದದಲ್ಲಿ ಸ್ತ್ರೀಯರಿಗೆ ಅವಕಾಶವಿರಲಿಲ್ಲ. ಮೇಲಿನ ಸ್ವರಪಂಕ್ತಿಗಳನ್ನು ಬಾಲಕರೂ ತರುಣರೂ ಹಾಡುತ್ತಿದ್ದರು. ಬಾಖ್‌ನ ಕಾಲದ ದಾಖಲೆಗಳನ್ನು ಆಧರಿಸಿ 1970ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಆ ಬಾಲಕರ ಕಂಠ ಒಡೆಯುತ್ತಿದ್ದುದು ಸುಮಾರು 16–17ರ ವಯಸ್ಸಿನಲ್ಲಿ. ಇಂದು ಈ ಬದಲಾವಣೆ ಹಲವು ವರ್ಷ ಮೊದಲೇ ಆಗುತ್ತದೆ. ಎಂದರೆ, ಬೆಳೆದ ದೇಹ, ವರ್ಷಗಟ್ಟಲೆಯ ಶಿಕ್ಷಣ ಮತ್ತು ಬಾಲಕಂಠ ಈ ಮೂರೂ ಕೂಡಿದ ಗಾಯಕ ಇಂದು ದುರ್ಲಭ.

ವೆನಿಸ್ ನಗರದ ಪಿಯೆತಾ ಅನಾಥಾಲಯದ ಸ್ಥಿತಿ ಇದಕ್ಕೆ ವಿರುದ್ಧವಾಗಿತ್ತು. 1703ರಲ್ಲಿ ಆಂಟೋನಿಯೊ ವಿವಾಲ್ಡಿ ಅಲ್ಲಿ ಶಿಕ್ಷಕನಾಗಿ ಸೇರಿದನು. ಅಲ್ಲಿನ ವೃಂದದಲ್ಲಿದ್ದವರೆಲ್ಲ ಬಾಲಕಿಯರು ಮತ್ತು ಸ್ತ್ರೀಯರೇ. ಟೆನರ್ ಮತ್ತು ಬಾಸ್ ಎಂಬ ವಿಶೇಷಣಗಳು ಸೇರಿದ ಸ್ತ್ರೀಯರ ಹೆಸರುಗಳೂ ದಾಖಲೆಗಳಲ್ಲಿ ಕಂಡುಬರುತ್ತವೆ. ಜಾಲಂಧ್ರದ ಹಿಂದೆ ನಿಂತು ಹಾಡುತ್ತಿದ್ದ ಈ ಗಾಯಕಿಯರು ಶ್ರೋತೃಗಳ ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ. ದೇಹವು ಮರೆಯಾಗಿ ಧ್ವನಿಯಷ್ಟೇ ಕೇಳಿಬರುವ ಅನುಭವ ಧ್ವನಿಮುದ್ರಣ ಯುಗಕ್ಕಿಂತ ಬಹು ಹಿಂದೆಯೇ ಚರ್ಚಿನೊಳಗೆ ಪರಿಚಿತವಾಗಿತ್ತು.

ರೋಮ್ ನಗರದ ಸಂಪ್ರದಾಯ ಇವೆಲ್ಲಕ್ಕಿಂತ ಕಠೋರವಾದುದು. ಬಾಲ್ಯದಲ್ಲಿ ಶಸ್ತ್ರಚಿಕಿತ್ಸೆಯಿಂದ ಕಂಠದ ಬೆಳವಣಿಗೆಯನ್ನು ತಡೆದ ಕಾಸ್ತ್ರಾತೊ ಗಾಯಕರು ಪೋಪ್‌ರ ಸಿಸ್ಟೈನ್ ದೇವಾಲಯದ ವೃಂದದಲ್ಲಿ ಹಾಡುತ್ತಿದ್ದರು. 1903ರಲ್ಲಿ ಹತ್ತನೆಯ ಪಿಯುಸ್ ಹೊರಡಿಸಿದ ಶಾಸನವು ಚರ್ಚಿನ ಸೊಪ್ರಾನೊ ಮತ್ತು ಆಲ್ಟೊ ಪಂಕ್ತಿಗಳಿಗೆ ಬಾಲಕರನ್ನೇ ಬಳಸಬೇಕೆಂದು ವಿಧಿಸಿತು. ಈ ಪರಂಪರೆಯ ಕೊನೆಯವರಲ್ಲಿ ಒಬ್ಬನಾದ ಅಲೆಸ್ಸಾಂದ್ರೊ ಮೊರೆಸ್ಕಿಯ ಗಾಯನವನ್ನು 1902 ಮತ್ತು 1904ರಲ್ಲಿ ರೋಮ್‌ನಲ್ಲಿ ಧ್ವನಿಮುದ್ರಿಸಲಾಯಿತು. ಏಕವ್ಯಕ್ತಿ ಗಾಯನದ ಧ್ವನಿಮುದ್ರಿಕೆಗಳನ್ನು ಉಳಿಸಿಹೋದ ಕಾಸ್ತ್ರಾತೊ ಅವನೊಬ್ಬನೇ.

ಈ ಮೂರು ನಿದರ್ಶನಗಳಿಂದ ಸ್ಪಷ್ಟವಾಗುವ ಸಂಗತಿಯೊಂದಿದೆ. ಬರೋಕ್ ಚರ್ಚಿನ ಕಂಠವು ಸಂಸ್ಥೆಗಳು ಆಯ್ದು, ತಿದ್ದಿ, ಕೆಲವೊಮ್ಮೆ ದೇಹವನ್ನೇ ಕೊಯ್ದು ನಿರ್ಮಿಸಿದ ಕಂಠವಾಗಿತ್ತು. ಆದ್ದರಿಂದ ಇಂದಿನ ಸಂಶ್ಲೇಷಿತ ಕಂಠವನ್ನು ಯಾವುದೋ ಒಂದು ನಿಷ್ಕಳಂಕ ಸಹಜತೆಯ ಎದುರಿಗಿಟ್ಟು ತೂಗುವುದು ಇತಿಹಾಸಕ್ಕೆ ಸಮ್ಮತವಲ್ಲ.

ಆರ್ಗನ್‌ನಿಂದ ಮಾತಿನ ಯಂತ್ರಕ್ಕೆ

ಮನುಷ್ಯಕಂಠದ ಅನುಕರಣೆಯ ಪ್ರಯತ್ನವೂ ಚರ್ಚಿಗೆ ಹೊಸದಾಗಿರಲಿಲ್ಲ. ಆರ್ಗನ್ ವಾದ್ಯದಲ್ಲಿ ‘ವೋಕ್ಸ್ ಹುಮಾನಾ’, ಅಂದರೆ ಮನುಷ್ಯಕಂಠ, ಎಂಬ ಹೆಸರಿನ ನಾಳಶ್ರೇಣಿಯೊಂದಿದೆ. ಗಿಡ್ಡ ನಾಳದ ಬುಡದಲ್ಲಿ ಲೋಹದ ನಾಲಿಗೆ ಕಂಪಿಸಿ, ಹಾಡುವ ಕಂಠವನ್ನು ಹೋಲುವ ನಾದ ಹೊಮ್ಮಬೇಕೆಂಬುದು ಅದರ ಆಶಯ. ನೌಂಬುರ್ಗ್ ನಗರದ ಸಂತ ವೆನ್ಸೆಲ್ ಚರ್ಚಿನಲ್ಲಿ ಹಿಲ್ಡೆಬ್ರಾಂಡ್ ನಿರ್ಮಿಸಿದ ಆರ್ಗನ್‌ನಲ್ಲಿ ಈ ಶ್ರೇಣಿಯಿದೆ. 1746ರಲ್ಲಿ ಆ ವಾದ್ಯವನ್ನು ಪರೀಕ್ಷಿಸಿದವರು ಬಾಖ್ ಮತ್ತು ಆರ್ಗನ್ ನಿರ್ಮಾಪಕ ಗಾಟ್‌ಫ್ರೀಡ್ ಸಿಲ್ಬರ್‌ಮಾನ್.

ಆರ್ಗನ್ ನಾದವನ್ನು ಹಾಡಬಲ್ಲದು, ಪದವನ್ನು ಉಚ್ಚರಿಸಲಾರದು. ಈ ಅಂತರವನ್ನು ತುಂಬುವ ಕಲ್ಪನೆ ಗಣಿತಜ್ಞ ಲಿಯೊನಾರ್ಡ್ ಆಯ್ಲರ್‌ನದು. ಜರ್ಮನ್ ರಾಜಕುಮಾರಿಯೊಬ್ಬಳಿಗೆ 1761ರಲ್ಲಿ ಬರೆದ ಪತ್ರವೊಂದರಲ್ಲಿ ಅವನು ಮಾತನಾಡುವ ಯಂತ್ರದ ಸಾಧ್ಯತೆಯನ್ನು ಚರ್ಚಿಸಿ, ಕಂಠಬಲವಿಲ್ಲದ ಧರ್ಮೋಪದೇಶಕರು ಆರ್ಗನ್ ನುಡಿಸುವಂತೆ ಪ್ರವಚನವನ್ನು ಬೆರಳುಗಳಿಂದ ನುಡಿಸಬಹುದೆಂದು ಸೂಚಿಸಿದನು. ಮುಂದೆ ಸೇಂಟ್ ಪೀಟರ್ಸ್‌ಬರ್ಗ್‌ನ ವಿಜ್ಞಾನ ಅಕಾಡೆಮಿಯು ಐದು ಸ್ವರಾಕ್ಷರಗಳ ಸ್ವರೂಪವೇನು, ವೋಕ್ಸ್ ಹುಮಾನಾದಂತಹ ನಾಳಗಳಿಂದ ಅವುಗಳನ್ನು ಹೊರಡಿಸಬಹುದೇ ಎಂಬ ಪ್ರಶ್ನೆಯನ್ನು ಸ್ಪರ್ಧೆಗೆ ಇಟ್ಟಿತು. 1780ರಲ್ಲಿ ಬಹುಮಾನ ಪಡೆದ ಕೋಪನ್‌ಹೇಗನ್‌ನ ಪ್ರಾಧ್ಯಾಪಕ ಕ್ರಾಟ್ಸೆನ್‌ಸ್ಟೈನ್, ವಿಭಿನ್ನ ಆಕಾರದ ಅನುನಾದಕಗಳಿಂದ ಸ್ವರಾಕ್ಷರಗಳನ್ನು ನುಡಿಸಿ ತೋರಿಸಿದನು.

ವೋಲ್ಫ್‌ಗಾಂಗ್ ಫಾನ್ ಕೆಂಪೆಲನ್ 1791ರಲ್ಲಿ ವಿಯೆನ್ನಾದಲ್ಲಿ ಪ್ರಕಟಿಸಿದ ಗ್ರಂಥವು ಈ ಸಾಧನೆಯನ್ನು ಮುಂದುವರಿಸಿತು. ತಿದಿ, ಕಂಪಿಸುವ ನಾಲಿಗೆ ಮತ್ತು ಕೈಯಿಂದ ಮುಚ್ಚಿ ತೆರೆಯುವ ಬಾಯಿಯನ್ನು ಹೊಂದಿದ್ದ ಅವನ ಯಂತ್ರ ವ್ಯಂಜನಗಳನ್ನೂ ಉಚ್ಚರಿಸುತ್ತಿತ್ತು. ಲ್ಯಾಟಿನ್, ಫ್ರೆಂಚ್, ಇಟಾಲಿಯನ್ ಪದಗಳಿಗಿಂತ ಜರ್ಮನ್ ಪದಗಳು ಯಂತ್ರಕ್ಕೆ ಬಹಳ ಕಷ್ಟವೆಂದು ಕೆಂಪೆಲನ್ ಬರೆದಿದ್ದಾನೆ. ಎರಡು ಶತಮಾನಗಳ ನಂತರ ಗಣಕದ ಮುಂದೆ ಕುಳಿತವರಿಗೂ ಇದೇ ತೊಡಕು ಎದುರಾಯಿತು.

ವಿದ್ಯುತ್ ಯುಗದ ಪ್ರಯತ್ನಗಳು

ಬೆಲ್ ಪ್ರಯೋಗಾಲಯದ ಹೋಮರ್ ಡಡ್ಲಿ ರೂಪಿಸಿದ ‘ವೋಡರ್’ ಯಂತ್ರವನ್ನು 1939ರ ನ್ಯೂಯಾರ್ಕ್ ವಿಶ್ವ ಮೇಳದಲ್ಲಿ ಪ್ರದರ್ಶಿಸಲಾಯಿತು. ಅದನ್ನು ನಡೆಸುವಾಕೆ ಬೆರಳುಗಳಿಂದ ಕೀಲಿಗಳನ್ನೂ ಪಾದದಿಂದ ಧ್ವನಿಯ ಏರಿಳಿತವನ್ನೂ ನಿಯಂತ್ರಿಸುತ್ತಿದ್ದಳು. ಆಯ್ಲರ್ ಕಲ್ಪಿಸಿದ್ದ, ಆರ್ಗನ್‌ನಂತೆ ನುಡಿಸುವ ಮಾತು ಹೀಗೆ ಕೈಗೂಡಿತು. 1961ರಲ್ಲಿ ಅದೇ ಪ್ರಯೋಗಾಲಯದ ಕೆಲ್ಲಿ ಮತ್ತು ಲಾಕ್‌ಬಾಮ್ ಗಣಕದಿಂದ ‘ಡೈಸಿ ಬೆಲ್’ ಎಂಬ ಜನಪ್ರಿಯ ಗೀತೆಯನ್ನು ಹಾಡಿಸಿದರು. ಪಕ್ಕವಾದ್ಯವನ್ನು ಸಂಯೋಜಿಸಿದವರು ಮ್ಯಾಕ್ಸ್ ಮ್ಯಾಥ್ಯೂಸ್.

ವೆಂಡಿ ಕಾರ್ಲೋಸ್ ಅವರ ‘ಸ್ವಿಚ್ಡ್-ಆನ್ ಬಾಖ್’ ಧ್ವನಿಮುದ್ರಿಕೆಯ ಮೂಲಕ 1968ರಲ್ಲಿ ಬಾಖ್‌ನ ಸಂಗೀತ ಮೂಗ್ ಸಿಂಥಸೈಸರ್‌ನಲ್ಲಿ ಜಗತ್ತಿಗೆ ಕೇಳಿಸಿತು. ಚರ್ಚ್ ಕ್ಯಾಂಟಾಟಾಗಳಿಗೆ ಸಂಬಂಧಿಸಿದ ರಚನೆಗಳು ಅದರಲ್ಲಿದ್ದರೂ ಹಾಡುವ ಕಂಠ ಇರಲಿಲ್ಲ. 1971ರ ‘ಎ ಕ್ಲಾಕ್‌ವರ್ಕ್ ಆರೆಂಜ್’ ಚಲನಚಿತ್ರಕ್ಕಾಗಿ ಕಾರ್ಲೋಸ್ ಬೇಥೋವನ್‌ನ ಒಂಬತ್ತನೆಯ ಸಿಂಫೊನಿಯ ವೃಂದಗಾನವನ್ನು ವೋಕೋಡರ್ ಮೂಲಕ ರೂಪಿಸಿದರು. ಆ ಕೃತಿ ಬರೋಕ್ ಯುಗದ್ದಲ್ಲ; ಆದರೆ ಅಲ್ಲಿ ಬಳಸಿದ ವಿಧಾನ ಗಮನಾರ್ಹ. ವೋಕೋಡರ್ ಜೀವಂತ ಗಾಯಕಿಯ ಉಚ್ಚಾರಣೆಯನ್ನು ವಿಶ್ಲೇಷಿಸಿ ಸಿಂಥಸೈಸರ್‌ನ ನಾದದ ಮೇಲೆ ಹೊದಿಸುತ್ತಿತ್ತು. ಹಾಡಿದ ರೇಚಲ್ ಎಲ್ಕಿಂಡ್ ಅವರಿಲ್ಲದೆ ಆ ಯಂತ್ರವೃಂದಕ್ಕೆ ಪದಗಳೇ ಇರುತ್ತಿರಲಿಲ್ಲ.

ಪ್ಯಾರಿಸ್‌ನ ಇರ್ಕಾಮ್ ಸಂಸ್ಥೆಯಲ್ಲಿ ಜೇವಿಯರ್ ರೋದೆ ಮತ್ತು ಸಹೋದ್ಯೋಗಿಗಳು ರೂಪಿಸಿದ ‘ಶಾಂ’ ಕಾರ್ಯಕ್ರಮವು ಧ್ವನಿಮುದ್ರಿತ ಕಂಠದ ಆಸರೆಯಿಲ್ಲದೆ, ಕಂಠನಾಳದ ಅನುನಾದಗಳನ್ನು ಲೆಕ್ಕಹಾಕಿ ಹಾಡಿನ ಸ್ವರಾಕ್ಷರಗಳನ್ನು ನಿರ್ಮಿಸಿತು. ಅದೇ ಸಂಸ್ಥೆ 1994ರ ‘ಫಾರಿನೆಲ್ಲಿ’ ಚಲನಚಿತ್ರಕ್ಕಾಗಿ ಬೇರೊಂದು ದಾರಿ ಹಿಡಿಯಿತು. 18ನೆಯ ಶತಮಾನದ ಆ ಪ್ರಸಿದ್ಧ ಕಾಸ್ತ್ರಾತೊನ ಕಂಠವನ್ನು ಕಲ್ಪಿಸಲು ಕೌಂಟರ್‌ಟೆನರ್ ಡೆರೆಕ್ ಲೀ ರಾಗಿನ್ ಮತ್ತು ಸೊಪ್ರಾನೊ ಎವಾ ಮಾವಾಸ್-ಗೊಡ್ಲೆವ್ಸ್ಕಾ ಅವರ ಕಂಠಗಳನ್ನು ಗಣಕದಲ್ಲಿ ಬೆಸೆಯಲಾಯಿತು. ಚಿತ್ರದ ಸಂಗೀತದಲ್ಲಿ ಒಪೆರಾ ಗೀತೆಗಳೊಡನೆ ಪೆರ್ಗೊಲೆಸಿಯ ‘ಸಾಲ್ವೆ ರೆಜೀನಾ’ ಎಂಬ ಮರಿಯಾಸ್ತುತಿಯೂ ಇದೆ. ಒಬ್ಬ ಬಾಲಕನ ದೇಹಕ್ಕೆ ಹಿಂದೆ ಮಾಡುತ್ತಿದ್ದ ಗಾಯವಿಲ್ಲದೆಯೇ ಆ ನಾದದ ಛಾಯೆಯನ್ನು ಪಡೆಯಲೆತ್ನಿಸಿದ್ದು ಈ ಪ್ರಯೋಗದ ನೈತಿಕ ಮಹತ್ವ. ಆದರೆ ಫಾರಿನೆಲ್ಲಿ ಕೇಳಿಸುತ್ತಿದ್ದುದು ಹೀಗೆಯೇ ಎಂಬುದಕ್ಕೆ ಅದು ಪುರಾವೆಯಾಗಲಾರದು.

ಯಮಹಾ ಸಂಸ್ಥೆಯು ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಶೋಧನೆಯ ನೆರವಿನಿಂದ ರೂಪಿಸಿ 2003ರಲ್ಲಿ ಪ್ರಕಟಿಸಿದ ‘ವೋಕಲಾಯ್ಡ್’ ತಂತ್ರಾಂಶದಿಂದ ಈ ಸೌಲಭ್ಯ ಪ್ರಯೋಗಾಲಯದ ಹೊರಗೆ ಬಂದಿತು. ಗಾಯಕರೊಬ್ಬರಿಂದ ಅಕ್ಷರಧ್ವನಿಗಳ ಜೋಡಣೆಗಳನ್ನು ಹಾಡಿಸಿ, ಮುದ್ರಿಸಿ, ಆ ತುಣುಕುಗಳನ್ನು ಬೇಕಾದ ಶ್ರುತಿಯಲ್ಲಿ ಹೊಂದಿಸುವುದು ಅದರ ಕ್ರಮ. 2008ರಲ್ಲಿ ‘ಪ್ರೀಮಾ’ ಎಂಬ ಒಪೆರಾ ಶೈಲಿಯ ಸೊಪ್ರಾನೊ ಕಂಠವೂ ದೊರೆಯಿತು. ಮೊದಲ ವರ್ಷಗಳ ಕಂಠಗಳು ಇಂಗ್ಲಿಷ್ ಅಥವಾ ಜಪಾನಿ ಭಾಷೆಗಾಗಿ ಸಿದ್ಧವಾದವು. ತೆರೆದ ಅಕ್ಷರಗಳು ಹೆಚ್ಚಾಗಿರುವ ಲ್ಯಾಟಿನ್ ಪ್ರಾರ್ಥನೆಗಳನ್ನು ಅವುಗಳಿಂದ ಹೇಗೋ ಹಾಡಿಸಬಹುದಿತ್ತು. ವ್ಯಂಜನಗಳು ಒತ್ತಾಗಿ ಕೂಡುವ ಲೂಥರ್‌ನ ಜರ್ಮನ್ ಕಷ್ಟವಾಗಿತ್ತು. ಕೆಂಪೆಲನ್‌ನ ಅನುಭವವೇ ಇಲ್ಲಿ ಮರುಕಳಿಸಿತು.

ಕಂಠದಿಂದ ವೃಂದಕ್ಕೆ

ಒಂದು ಕಂಠವನ್ನು ಸಂಶ್ಲೇಷಿಸಿದ ಮಾತ್ರಕ್ಕೆ ವೃಂದ ಸಿದ್ಧಿಸುವುದಿಲ್ಲ. ಒಂದೇ ಧ್ವನಿಯ ಎರಡು ತದ್ರೂಪ ಪ್ರತಿಗಳನ್ನು ಕೂಡಿಸಿದರೆ ಅದು 6 ಡೆಸಿಬೆಲ್ ಜೋರಾಗುತ್ತದೆಯೇ ಹೊರತು ಇಬ್ಬರು ಹಾಡಿದಂತಾಗುವುದಿಲ್ಲ. ಸ್ಟಾಕ್‌ಹೋಮ್‌ನ ರಾಜ ತಾಂತ್ರಿಕ ಸಂಸ್ಥೆಯಲ್ಲಿ ಯೋಹಾನ್ ಸುಂಡ್‌ಬೆರಿ ಮತ್ತು ಸ್ಟೆನ್ ಟೆರ್ನ್‌ಸ್ಟ್ರಾಮ್ 1980ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಈ ವಿಷಯಕ್ಕೆ ಆಧಾರ ಒದಗಿಸಿದವು. ಗಾಯಕರ ನಡುವಿನ ಶ್ರುತಿಯ ಅತಿ ಸೂಕ್ಷ್ಮ ವ್ಯತ್ಯಾಸಗಳು, ಒಬ್ಬೊಬ್ಬರ ಕಂಠದಲ್ಲಿಯೂ ಸ್ವತಂತ್ರವಾಗಿ ಮೂಡುವ ಅಲುಗಾಟ, ಇವು ಸೇರಿದಾಗ ಕಿವಿ ಅದನ್ನು ವೃಂದವೆಂದು ಗುರುತಿಸುತ್ತದೆ. ಅದೇ ಗಾಯಕ ಏಕವ್ಯಕ್ತಿಯಾಗಿ ಹಾಡುವಾಗ ಸುಮಾರು 3,000 ಹರ್ಟ್ಸ್ ಸಮೀಪದಲ್ಲಿ ನಾದ ಪ್ರಬಲವಾಗುತ್ತದೆ; ವೃಂದದಲ್ಲಿ ಅವನೇ ಅದನ್ನು ತಗ್ಗಿಸಿಕೊಳ್ಳುತ್ತಾನೆ. ಅಂದರೆ, ಒಪೆರಾ ಕಂಠವೊಂದನ್ನು ಹದಿನಾರು ಬಾರಿ ಪ್ರತಿ ಮಾಡಿದರೆ ಬಾಖ್ ಕೇಳಿದ ಹದಿನಾರು ಮಂದಿ ದೊರೆಯುವುದಿಲ್ಲ. ಪಕ್ಕದವರನ್ನು ಆಲಿಸಿ ತನ್ನನ್ನು ತಿದ್ದಿಕೊಳ್ಳುವುದು ವೃಂದಗಾನದ ಮೂಲಧರ್ಮವೆಂಬುದನ್ನು ಯಂತ್ರದ ಸೋಲು ಸ್ಪಷ್ಟಪಡಿಸಿತು.

ಇದರಿಂದ ಚರಿತ್ರೆಕಾರನಿಗೆ ಒಂದು ಪ್ರಯೋಜನವೂ ಇದೆ. ಬಾಖ್‌ನ ವೃಂದದಲ್ಲಿ ಪ್ರತಿ ಸ್ವರಪಂಕ್ತಿಗೆ ಸಾಮಾನ್ಯವಾಗಿ ಒಬ್ಬರೇ ಹಾಡುತ್ತಿದ್ದರೆಂದು, ಉಳಿದುಬಂದ ಸ್ವರಲಿಪಿ ಪ್ರತಿಗಳನ್ನು ಆಧರಿಸಿ ಜೋಶುವಾ ರಿಫ್ಕಿನ್ 1981ರಲ್ಲಿ ವಾದಿಸಿದರು. ಆಂಡ್ರೂ ಪ್ಯಾರಟ್ 2000ದಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇದನ್ನು ಸಮರ್ಥಿಸಿದರು. ಟಾನ್ ಕೂಪ್‌ಮಾನ್ ಮೊದಲಾದವರು ವಿರೋಧಿಸಿದರು. ಒಂದೇ ಕೃತಿಯನ್ನು ನಾಲ್ಕು, ಹನ್ನೆರಡು, ಹದಿನಾರು ಕಂಠಗಳಲ್ಲಿ, ಲೈಪ್‌ಜಿಗ್‌ನ ಎರಡು ಶ್ರುತಿಮಟ್ಟಗಳಲ್ಲಿ ಅಥವಾ ವೆರ್ಕ್‌ಮೈಸ್ಟರ್ 1691ರಲ್ಲಿ ವಿವರಿಸಿದ ಶ್ರುತಿ ಹೊಂದಾಣಿಕೆಯಲ್ಲಿ ಕೇಳಿ ಹೋಲಿಸಲು ಸಂಶ್ಲೇಷಿತ ವೃಂದ ಸುಲಭ ಸಾಧನ. ಆದರೆ ಆ ಹೋಲಿಕೆ ವಾದವನ್ನು ಇತ್ಯರ್ಥ ಮಾಡಲಾರದು. ಯಂತ್ರದಿಂದ ಹೊರಬರುವುದು ಅದಕ್ಕೆ ನೀಡಿದ ಊಹೆಗಳ ಫಲಿತ. ಪುರಾವೆ ಇಂದಿಗೂ 1730ರ ಮನವಿಪತ್ರದಲ್ಲಿ, ಹಳೆಯ ಸ್ವರಲಿಪಿ ಹಾಳೆಗಳಲ್ಲಿಯೇ ಇದೆ.

ಉಪಸಂಹಾರ

ಕಾಸ್ತ್ರಾತೊನಿಂದ ವೋಕಲಾಯ್ಡ್‌ವರೆಗಿನ ಈ ಚರಿತ್ರೆಯಲ್ಲಿ ಪದಗಳನ್ನು ಹೊತ್ತ ಕಂಠದ ಹಿಂದೆ ಬಹುಮಟ್ಟಿಗೆ ಒಬ್ಬ ಮನುಷ್ಯನಿದ್ದಾನೆ. ಶಾಂ ಕಾರ್ಯಕ್ರಮದಂತಹ ಅಪವಾದಗಳಿದ್ದರೂ ಮುಂದಿನ ಬೆಳವಣಿಗೆ ಮತ್ತೆ ಧ್ವನಿಮುದ್ರಿತ ಗಾಯಕರತ್ತಲೇ ತಿರುಗಿತು. 2020ರಿಂದೀಚೆಗೆ ಬಳಕೆಗೆ ಬಂದಿರುವ ಕೃತಕ ಬುದ್ಧಿಮತ್ತೆಯ ಗಾಯನ ತಂತ್ರಾಂಶಗಳೂ ಮನುಷ್ಯರ ಹಾಡಿನಿಂದಲೇ ಕಲಿಯುತ್ತವೆ. ಲೈಪ್‌ಜಿಗ್‌ನಲ್ಲಿ ಅನರ್ಹರೆಂದು ಎಣಿಸಲ್ಪಟ್ಟ ಹದಿನೇಳು ವಿದ್ಯಾರ್ಥಿಗಳ ಹೆಸರುಗಳನ್ನೂ ಬಾಖ್ ತನ್ನ ಪತ್ರದಲ್ಲಿ ದಾಖಲಿಸಿದ್ದಾನೆ. ಇಂದಿನ ಸಂಶ್ಲೇಷಿತ ವೃಂದದ ಕಂಠಗಳು ಯಾರವು, ಅವರು ಯಾವ ಒಪ್ಪಿಗೆಯಿಂದ ಹಾಡಿದರು ಎಂಬುದನ್ನು ಧ್ವನಿಮುದ್ರಿಕೆಯೊಡನೆ ದಾಖಲಿಸುವ ಕ್ರಮ ನೆಲೆಗೊಳ್ಳದಿದ್ದರೆ, ಮುಂದಿನ ಸಂಶೋಧಕರಿಗೆ ಸಂತ ಥಾಮಸ್ ಶಾಲೆಯ ಬಾಲಕರ ಬಗ್ಗೆ ತಿಳಿದಿರುವಷ್ಟೂ ನಮ್ಮ ಕಾಲದ ಗಾಯಕರ ಬಗ್ಗೆ ತಿಳಿಯದೆ ಹೋದೀತು.