ಪಿನ್ನು ಯಾರ ಪಾಲಿಗೆ? ರಾಸ್ಪ್‌ಬೆರಿ ಪೈ ಮತ್ತು ಡಿವೈಸ್ ಟ್ರೀ ಓವರ್‌ಲೇ

ರಾಸ್ಪ್‌ಬೆರಿ ಪೈ ಬೋರ್ಡಿನ ಒಂದು ಅಂಚಿನಲ್ಲಿ ಎರಡು ಸಾಲಾಗಿ 40 ಪಿನ್ನುಗಳಿವೆ. 2014ರಲ್ಲಿ ಬಿ ಪ್ಲಸ್ ಮಾಡೆಲ್ ಬಂದಾಗಿನಿಂದ ಈ ಜೋಡಣೆ ಬದಲಾಗಿಲ್ಲ. ಅವುಗಳಲ್ಲಿ 12 ಪಿನ್ನುಗಳು ವಿದ್ಯುತ್ತಿಗೂ ಗ್ರೌಂಡಿಗೂ ಮೀಸಲು. ಉಳಿದ 28 ಜಿಪಿಐಒ ಪಿನ್ನುಗಳು ಏನು ಮಾಡಬೇಕೆಂಬುದನ್ನು ಸಾಫ್ಟ್‌ವೇರ್ ತೀರ್ಮಾನಿಸುತ್ತದೆ. ಆ ತೀರ್ಮಾನವನ್ನು ಬರೆದಿಡುವ ಕ್ರಮಬದ್ಧ ದಾರಿಯೇ ಡಿವೈಸ್ ಟ್ರೀ ಓವರ್‌ಲೇ.

ಒಂದು ಪಿನ್ನಿಗೆ ಎಂಟು ಸ್ಥಿತಿ

ಚಿಪ್ಪಿನೊಳಗೆ ಸೀರಿಯಲ್ ಪೋರ್ಟ್, ಐ2ಸಿ, ಎಸ್‌ಪಿಐ, ಪಿಡಬ್ಲ್ಯುಎಂ ಹೀಗೆ ಅನೇಕ ಘಟಕಗಳಿವೆ. ಹೊರಗೆ ಬರುವ ಪಿನ್ನುಗಳು ಅಷ್ಟಿಲ್ಲ. ಆದ್ದರಿಂದ ಒಂದೇ ಪಿನ್ನನ್ನು ಹಲವು ಘಟಕಗಳು ಹಂಚಿಕೊಳ್ಳಬೇಕು. ಇದನ್ನು ಪಿನ್ ಮಕ್ಸಿಂಗ್ ಎನ್ನುತ್ತಾರೆ. ಮೊದಲ ಪೈಯಲ್ಲಿದ್ದ ಬಿಸಿಎಂ2835 ಚಿಪ್ಪಿನಲ್ಲಿ ಪ್ರತಿ ಜಿಪಿಐಒ ಪಿನ್ನಿಗೂ ಮೂರು ಬಿಟ್‌ಗಳ ಒಂದು ಜಾಗವಿದೆ. ಅಲ್ಲಿ ಬರೆದ ಸಂಖ್ಯೆ ಆ ಪಿನ್ನು ಇನ್‌ಪುಟ್ಟೋ, ಔಟ್‌ಪುಟ್ಟೋ, ಆಲ್ಟ್ 0ರಿಂದ ಆಲ್ಟ್ 5ರವರೆಗಿನ ಆರು ಪರ್ಯಾಯ ಕೆಲಸಗಳಲ್ಲಿ ಯಾವುದೋ ಎಂದು ನಿರ್ಧರಿಸುತ್ತದೆ. ಜಿಪಿಐಒ 14 ಆಲ್ಟ್ 0ರಲ್ಲಿದ್ದರೆ ಪೂರ್ಣ ಪ್ರಮಾಣದ ಸೀರಿಯಲ್ ಪೋರ್ಟು ಅದರ ಮೂಲಕ ಡೇಟಾ ಕಳಿಸುತ್ತದೆ. ಆಲ್ಟ್ 5ರಲ್ಲಿದ್ದರೆ ಅದೇ ಪಿನ್ನಿಗೆ ಮಿನಿ ಯುಎಆರ್‌ಟಿ ಎಂಬ ಬೇರೆಯೇ ಘಟಕ ಬಂದು ಸೇರುತ್ತದೆ. ತಂತಿ ಮಾತ್ರ ಇದ್ದಲ್ಲೇ ಇರುತ್ತದೆ.

ವಿವರ ಕರ್ನೆಲ್ಲಿನಿಂದ ಹೊರಬಂದ ಕಥೆ

ಯುಎಸ್‌ಬಿ ಸಾಧನವನ್ನು ಚುಚ್ಚಿದರೆ ಅದೇ ತನ್ನ ಪರಿಚಯ ಹೇಳಿಕೊಳ್ಳುತ್ತದೆ. ಐ2ಸಿ ತಂತಿಯ ಮೇಲಿರುವ ಚಿಪ್ಪಿಗೆ ಆ ಸೌಲಭ್ಯವಿಲ್ಲ. ಅದು ಅಲ್ಲಿದೆ ಎಂದು ಯಾರಾದರೂ ಮೊದಲೇ ತಿಳಿಸಿರಬೇಕು. ಆರ್ಮ್ ಬೋರ್ಡುಗಳ ಮಟ್ಟಿಗೆ ಹಿಂದೆ ಈ ಮಾಹಿತಿ ಲಿನಕ್ಸ್ ಕರ್ನೆಲ್ಲಿನ ಸಿ ಕೋಡಿನಲ್ಲೇ ಇರುತ್ತಿತ್ತು, ಬೋರ್ಡಿಗೊಂದು ಫೈಲಿನಂತೆ. ಬೋರ್ಡುಗಳು ಹೆಚ್ಚಿದಂತೆ ಈ ರಾಶಿ ಬೆಳೆಯುತ್ತಲೇ ಹೋಯಿತು. 2011ರಲ್ಲಿ ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ ಇದರ ಬಗ್ಗೆ ಕಟುವಾಗಿಯೇ ಸಿಡುಕಿದರು. ಪರಿಹಾರ ಹೊಸದಾಗಿ ಹುಟ್ಟಬೇಕಿರಲಿಲ್ಲ: ಸನ್ ಮತ್ತು ಆಪಲ್ ಯಂತ್ರಗಳಲ್ಲಿ ಬಳಕೆಯಲ್ಲಿದ್ದ, 1994ರಲ್ಲಿ ಐಇಇಇ ಮಾನಕವಾಗಿದ್ದ ಓಪನ್ ಫರ್ಮ್‌ವೇರ್‌ನ ಡಿವೈಸ್ ಟ್ರೀ ಆಗಲೇ ಇತ್ತು. ಹಾರ್ಡ್‌ವೇರಿನ ವಿವರ ಕೋಡಿನಿಂದ ಬಿಡಿಸಿಕೊಂಡು ಒಂದು ದತ್ತಾಂಶದ ಫೈಲಿಗೆ ಬಂತು.

ಆದರೆ ಪೈಯಂಥ ಬೋರ್ಡಿಗೆ ಇಂದು ಸೆನ್ಸರ್, ನಾಳೆ ಗಡಿಯಾರದ ಚಿಪ್ ಜೋಡಿಸುತ್ತೇವೆ. ಪ್ರತಿ ಸಲ ಇಡೀ ಟ್ರೀಯನ್ನು ತಿದ್ದುವುದು ಸಾಧ್ಯವಿಲ್ಲದ ಮಾತು. ಬದಲಾದಷ್ಟನ್ನೇ ಹೇಳುವ ಚಿಕ್ಕ ತುಣುಕು ಓವರ್‌ಲೇ. ಬೀಗಲ್‌ಬೋನ್ ಬ್ಲ್ಯಾಕ್ ಬೋರ್ಡು 2013ರಲ್ಲೇ ಇದನ್ನು ಬಳಸುತ್ತಿತ್ತು. ಲಿನಕ್ಸ್‌ನ ಮುಖ್ಯ ಕರ್ನೆಲ್ಲಿಗೆ ಈ ಸೌಲಭ್ಯ ಸೇರಿದ್ದು 2015ರ 3.19 ಆವೃತ್ತಿಯಲ್ಲಿ.

ಉಷ್ಣಾಂಶದ ಸೆನ್ಸರ್ ಜೋಡಿಸುವಾಗ

ಡಿಎಸ್18ಬಿ20 ಎಂಬ ಮೂರು ಕಾಲಿನ ಉಷ್ಣಾಂಶ ಸೆನ್ಸರನ್ನೇ ನೋಡೋಣ. ಒಂದು ಕಾಲು 3.3 ವೋಲ್ಟಿಗೆ, ಇನ್ನೊಂದು ಗ್ರೌಂಡಿಗೆ, ನಡುವಿನದು ಜಿಪಿಐಒ 4ಕ್ಕೆ. ನಡುವಿನ ಕಾಲಿಗೂ 3.3 ವೋಲ್ಟಿಗೂ ಮಧ್ಯೆ 4.7 ಕಿಲೋ ಓಮ್ ರೆಸಿಸ್ಟರ್. ಇಲ್ಲಿ ಎಷ್ಟೋ ಮಂದಿ ಎಡವುತ್ತಾರೆ: ಜಿಪಿಐಒ 4 ಎಂದರೆ ಬೋರ್ಡಿನ ಪಿನ್ ಸಂಖ್ಯೆ 4 ಅಲ್ಲ, 7. ಪಿನ್ ಸಂಖ್ಯೆ 4ರಲ್ಲಿರುವುದು 5 ವೋಲ್ಟ್. ಪೈಯ ಜಿಪಿಐಒ ಪಿನ್ನುಗಳು 3.3 ವೋಲ್ಟಿಗಿಂತ ಹೆಚ್ಚು ತಾಳುವುದಿಲ್ಲವಾದ್ದರಿಂದ ಈ ಗೊಂದಲ ದುಬಾರಿಯಾದೀತು.

ಬಳಿಕ ಬೂಟ್ ಪಾರ್ಟಿಷನ್ನಿನಲ್ಲಿರುವ ಕಾನ್ಫಿಗ್ ಟೆಕ್ಸ್ಟ್ ಫೈಲಿಗೆ ಒಂದೇ ಸಾಲು ಸೇರಿಸಬೇಕು: ಡಿಟಿಓವರ್‌ಲೇ, ಸಮ ಚಿಹ್ನೆ, ಡಬ್ಲ್ಯು1-ಜಿಪಿಐಒ. ಬೇರೆ ಪಿನ್ನು ಬೇಕಿದ್ದರೆ ಅಲ್ಪವಿರಾಮ ಹಾಕಿ ಜಿಪಿಐಒಪಿನ್ ಎಂಬ ನಿಯತಾಂಕಕ್ಕೆ ಆ ಸಂಖ್ಯೆ ಕೊಡಬೇಕು. ರೀಬೂಟ್ ಮಾಡಿದಾಗ ಮೊದಲು ಫರ್ಮ್‌ವೇರ್ ಎದ್ದು, ಬೋರ್ಡಿನ ಮೂಲ ಟ್ರೀಗೆ ಈ ತುಣುಕನ್ನು ಬೆಸೆದು, ಒಂದಾದ ಟ್ರೀಯನ್ನು ಕರ್ನೆಲ್ಲಿಗೆ ಒಪ್ಪಿಸುತ್ತದೆ. ಕರ್ನೆಲ್ ಅದನ್ನು ಓದಿ ತಕ್ಕ ಡ್ರೈವರನ್ನು ಎಬ್ಬಿಸುತ್ತದೆ. ಎಲ್ಲ ಸರಿಯಿದ್ದರೆ ಒನ್-ವೈರ್ ಸಾಧನಗಳ ಫೋಲ್ಡರಿನಲ್ಲಿ 28ರಿಂದ ಶುರುವಾಗುವ ಹೆಸರೊಂದು ಕಾಣಿಸುತ್ತದೆ. ಅದರೊಳಗಿನ ಅಳತೆ ಡಿಗ್ರಿಯ ಸಾವಿರದ ಒಂದಂಶದಲ್ಲಿರುತ್ತದೆ. 27562 ಎಂದಿದ್ದರೆ 27.562 ಡಿಗ್ರಿ. ಮತ್ತೆ ಮತ್ತೆ 85000 ಬರುತ್ತಿದ್ದರೆ ಅದನ್ನು ನಂಬಬೇಡಿ. ವಿದ್ಯುತ್ ಬಂದೊಡನೆ ಸೆನ್ಸರಿನಲ್ಲಿ ಇರುವ ಆರಂಭದ ಬೆಲೆ ಅದು, ಅಳತೆ ನಡೆದೇ ಇಲ್ಲ.

ಜಿಪಿಐಒ 3ರ ಮೇಲೆ ಇಬ್ಬರ ಹಕ್ಕು

ಪೈಯನ್ನು ಗುಂಡಿ ಒತ್ತಿ ಆರಿಸಲು ಜಿಪಿಐಒ-ಶಟ್‌ಡೌನ್ ಎಂಬ ಓವರ್‌ಲೇ ಇದೆ. ಪಿನ್ನು ಹೇಳದಿದ್ದರೆ ಅದು ಜಿಪಿಐಒ 3ನ್ನು ಹಿಡಿಯುತ್ತದೆ. ಈ ಆಯ್ಕೆಗೆ ಕಾರಣವಿದೆ: ಆರಿದ ಪೈಯನ್ನು ಅದೇ ಪಿನ್ನು ಗ್ರೌಂಡಿಗೆ ತಾಗಿಸಿ ಮತ್ತೆ ಎಬ್ಬಿಸಬಹುದು. ಆದರೆ ಐ2ಸಿಯ ಕ್ಲಾಕ್ ತಂತಿಯೂ ಜಿಪಿಐಒ 3ರಲ್ಲೇ ಇದೆ. ಡಿಎಸ್3231 ಗಡಿಯಾರಕ್ಕೆಂದು ಐ2ಸಿ ಚಾಲೂ ಮಾಡಿ ಗುಂಡಿಯನ್ನೂ ಅಲ್ಲೇ ಇಟ್ಟರೆ ಎರಡೂ ಒಟ್ಟಿಗೆ ನಡೆಯುವುದಿಲ್ಲ. ಗುಂಡಿಯನ್ನು ಬೇರೆ ಪಿನ್ನಿಗೆ ಸರಿಸಿದರೆ ಆರಿಸಬಹುದು, ಎಬ್ಬಿಸುವ ಅನುಕೂಲ ಮಾತ್ರ ತಪ್ಪುತ್ತದೆ. ಬೆಸುಗೆ ಹಾಕುವ ಮೊದಲೇ ಯಾವ ಪಿನ್ನು ಯಾರಿಗೆಂದು ಕಾಗದದಲ್ಲಿ ಬರೆದುಕೊಳ್ಳುವುದು ಇದಕ್ಕಾಗಿ.

ಸ್ವಂತ ಓವರ್‌ಲೇ, ತಪ್ಪಿನ ತಪಾಸಣೆ

ಸಿದ್ಧ ಓವರ್‌ಲೇ ಸಿಗದಿದ್ದರೆ ನಾವೇ ಬರೆದು ಡಿಟಿಸಿ ಎಂಬ ಕಂಪೈಲರಿನಿಂದ ಬೈನರಿ ಮಾಡಿಕೊಳ್ಳಬಹುದು. ಹಳೆಯ ಬ್ರಾಡ್‌ಕಾಮ್ ಚಿಪ್ಪುಗಳಿಗೆ ಬರೆಯುವಾಗ ಸಂಖ್ಯೆಗಳ ಕಡೆ ಗಮನವಿರಲಿ: ಆಲ್ಟ್ 0ಕ್ಕೆ 4 ಎಂದೂ ಆಲ್ಟ್ 5ಕ್ಕೆ 2 ಎಂದೂ ಕೊಡಬೇಕು. ಪೈ 5ರಲ್ಲಿ ಪಿನ್ನುಗಳನ್ನು ಆರ್‌ಪಿ1 ಎಂಬ ಪ್ರತ್ಯೇಕ ಚಿಪ್ ನೋಡಿಕೊಳ್ಳುತ್ತದೆ, ಅದರ ಪರ್ಯಾಯಗಳ ಪಟ್ಟಿಯೇ ಬೇರೆ.

ಹೆಸರು ತಪ್ಪಾಗಿ ಬರೆದರೂ ಪೈ ಬೂಟ್ ಆಗುತ್ತದೆ, ಪರದೆಯ ಮೇಲೆ ದೂರೇನೂ ಬರುವುದಿಲ್ಲ. ಫರ್ಮ್‌ವೇರಿನ ಲಾಗ್ ತೆಗೆದರೆ ಓವರ್‌ಲೇ ಸಿಗಲಿಲ್ಲವೆಂಬ ಮಾತು ಅಲ್ಲಿರುತ್ತದೆ. ಪಿನ್‌ಕಂಟ್ರೋಲ್ ಆಜ್ಞೆ ಪ್ರತಿ ಪಿನ್ನಿನ ಈ ಕ್ಷಣದ ಸ್ಥಿತಿ ತೋರಿಸುತ್ತದೆ. ಐ2ಸಿ ಡಿಟೆಕ್ಟ್ ಕೋಷ್ಟಕದಲ್ಲಿ ಗಡಿಯಾರದ ವಿಳಾಸವಾದ ಹೆಕ್ಸ್ 68ರ ಜಾಗದಲ್ಲಿ ಸಂಖ್ಯೆಯೇ ಇದ್ದರೆ ಚಿಪ್ ಸಿಕ್ಕಿದೆ, ಡ್ರೈವರ್ ಇನ್ನೂ ಹಿಡಿದಿಲ್ಲ ಎಂದರ್ಥ. ಯು ಯು ಎಂದಿದ್ದರೆ ಡ್ರೈವರ್ ಹಿಡಿದುಕೊಂಡಿದೆ.