ಅಮೋಘವರ್ಷನ ಕಿರೀಟಕ್ಕ ಕಿಲುಬು ಹಿಡೀತದೇನು?

ಇವತ್ತಿನ ಸಂಚಿಕೆ ನನ್ನದೇ ಒಂದು ತಪ್ಪಿನಿಂದ ಶುರು ಮಾಡ್ತೀನಿ.

ಚಿತ್ತಾಪುರದಲ್ಲಿ ಒಂದು ನಾಟಕಕ್ಕೆ ಅಮೋಘವರ್ಷ ನೃಪತುಂಗನ ಕಿರೀಟ, ಕತ್ತಿ, ಗುರಾಣಿ ಮಾಡೋ ಕೆಲಸ ನನಗ ಬಂದಿತ್ತು. ಫೋಮ್ ಶೀಟ್ ಕತ್ತರಿಸಿ, ಫೆವಿಕಾಲ್ ಬಳಿದು, ಮೇಲೆ ಬಂಗಾರದ ಬಣ್ಣ ಕೊಟ್ಟೆ. ಹೊಳಪು ಜಾಸ್ತಿಯಾದ್ರ ಆಟಿಕೆ ಸಾಮಾನು ಅನಿಸ್ತದಲ್ಲ? ಹಳೇದು ಕಾಣ್ಲಿ ಅಂತ ಕಿರೀಟದ ಸಂದಿಗೆ ಹಸಿರು ಕಿಲುಬು, ಕತ್ತಿಗೆ ತುಕ್ಕು ಹಚ್ಚಿದೆ. ನೋಡಿದ ಇತಿಹಾಸದ ಸರ್ ಒಬ್ಬರು, “ತಮ್ಮಾ, ಬಂಗಾರಕ್ಕ ಎಂದಾದ್ರೂ ಕಿಲುಬು ಹಿಡೀತದೇನು?” ಅಂದ್ರು.

ಸೇಡಂ ಹತ್ತಿರ, ಕಾಗಿಣಾ ದಂಡೆಯ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಅಮೋಘವರ್ಷ ಆಳಿದ್ದು ಸುಮಾರು 814ರಿಂದ 878ರವರೆಗೆ. ಅರಬ್ ವ್ಯಾಪಾರಿ ಸುಲೇಮಾನನ ಹೆಸರಿನಲ್ಲಿರುವ 851ರ ಬರಹ ರಾಷ್ಟ್ರಕೂಟ ದೊರೆಯನ್ನು ಲೋಕದ ನಾಲ್ಕು ದೊಡ್ಡ ಅರಸರಲ್ಲಿ ಎಣಿಸುತ್ತದೆ. ಅಂಥವನ ಕಾವಲುಗಾರ ತುಕ್ಕು ಹಿಡಿದ ಕತ್ತಿ ಹಿಡಿದು ನಿಲ್ತಾನೇನ್ರಿ? ನಮಗ ಅದು ಸಾವಿರ ವರ್ಷ ಹಳೇದು. ಅವರಿಗೆ ಮೊನ್ನೆ ಸಾಣೆ ಹಿಡಿದದ್ದು. ನಾನು ಮಾಡಿದ್ದು ಮ್ಯೂಸಿಯಂ ಗಾಜಿನೊಳಗಿನ ಕತ್ತಿ.

ಎಲ್ಲಾ ಕೆರೆದು ಮತ್ತೆ ಕೂತೆ. ಮೊದಲು ಕಪ್ಪು ಅಕ್ರಿಲಿಕ್. ಅದರ ಮೇಲೆ ಬೆಳ್ಳಿ ಬಣ್ಣ, ಬ್ರಷ್ಷನ್ನು ಬಟ್ಟೆಗೆ ಒರೆಸಿ, ಅಲಗಿಗೆ ಮಾತ್ರ ತಾಗೋ ಹಂಗ. ಬಳಸಿದ ಕಡೆ ಲೋಹ ಹೊಳೀತದ, ಮುಟ್ಟದ ಮೂಲೆಯಲ್ಲಿ ಕಪ್ಪಾಗ್ತದ. ಹಿಡಿಕೆಗೆ ಕಂದು ಬಣ್ಣ ನೀರು ಮಾಡಿ ಹಚ್ಚಿ ಒರೆಸಿದೆ: ಅದು ಕೈಬೆವರಿನ ಜಿಡ್ಡು. ಹಿತ್ತಾಳೆ ಗುರಾಣಿಗೆ ಹಸಿರು ಸ್ವಲ್ಪ ಸಾಕು. ನಮ್ಮ ಅವ್ವ ಹುಣಸೆಹಣ್ಣು ಹಾಕಿ ಕೊಡ ತಿಕ್ಕಿದಂಗ ಅವರೂ ತಿಕ್ಕಿರ್ತಾರ.

ಧೂಳಿನಲ್ಲಿ ಮತ್ತೆ ಎಡವಿದೆ. ವಾಡಿ ರಸ್ತೆ ನೋಡಿ ಬೆಳೆದವನು, ಸೈನಿಕರ ಕಾಲಿಗೆ ಬೂದುಬಣ್ಣ ಉದುರಿಸಿದೆ. ಒಂಬತ್ತನೇ ಶತಮಾನದಲ್ಲಿ ಸಿಮೆಂಟ್ ಫ್ಯಾಕ್ಟರಿ ಎಲ್ಲಿಂದ ಬರಬೇಕು! ಆಮೇಲೆ ಸೇಡಂ ಹೊಲದ ಎರಿಮಣ್ಣು ಜರಡಿ ಹಿಡಿದು ಹಚ್ಚಿದೆ. ಚಿಂಚೋಳಿ ಕಡೆಯಿಂದ ಬರೋ ದೂತನಿಗೆ ಅಲ್ಲಿನ ಕೆಂಪುಮಣ್ಣು.

ತುಕ್ಕಿನ ಡಬ್ಬಿ ಮಾತ್ರ ಎಸೆದಿಲ್ಲ. ಕೊನೆಯ ದೃಶ್ಯ 972ರದ್ದು, ಪರಮಾರ ಸೀಯಕ ಮಾನ್ಯಖೇಟವನ್ನು ಲೂಟಿ ಮಾಡಿದ್ದು. ಒಂದು ಗುರಾಣಿಯನ್ನು ಶಹಾಬಾದ್ ಕಲ್ಲಿನ ಮೇಲೆ ಗೀರಿ, ಇದ್ದಿಲು ಪುಡಿ ತಿಕ್ಕಿ, ಬೇರೆ ಇಟ್ಟೀನಿ. ಅದು ಪರದೆ ಬೀಳೋ ಮುಂಚೆ ಮಾತ್ರ ರಂಗದ ಮೇಲೆ ಬರ್ತದ.